ಜಾಗತೀಕರಣ ಯಾಕೆ ಬೆಳೆಯಿತು? ಒಂದು ಅಂಗಿ ಹಿಡಿದು ನೀವೇ ಕಾರಣ ಹುಡುಕುವುದು ಹೇಗೆ

ಆರ್ಥಿಕ ಜಾಗತೀಕರಣ ಯಾಕೆ ಇಷ್ಟು ಬೆಳೆಯಿತು ಅಂತ ಯಾರನ್ನೇ ಕೇಳಿ, ಒಂದು ಪಟ್ಟಿ ಸಿದ್ಧವಾಗಿರುತ್ತದೆ: ತಂತ್ರಜ್ಞಾನ, ಸಾರಿಗೆ, ಉದಾರೀಕರಣ, ಬಹುರಾಷ್ಟ್ರೀಯ ಕಂಪನಿಗಳು, ಬಂಡವಾಳದ ಓಡಾಟ. ಎಲ್ಲವೂ ನಿಜ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಬರುತ್ತದೆ. ಆದರೆ ಯಾವುದು ಮೊದಲು ಬಂತು, ಯಾವುದರ ಪಾಲು ಜಾಸ್ತಿ, ಯಾವುದನ್ನು ತೆಗೆದರೆ ಉಳಿದದ್ದೆಲ್ಲ ನಿಂತುಹೋಗುತ್ತದೆ ಅನ್ನುವುದು ಆ ಪಟ್ಟಿಯಿಂದ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ನೀವೇ ಕೂತು ಬಿಡಿಸಿ ನೋಡಬೇಕು.

ಹಾಗೆ ಬಿಡಿಸುವ ಬಗೆ ಇಲ್ಲಿದೆ. ಬೇಕಾದದ್ದು ಒಂದು ವಸ್ತು, ಒಂದು ದೊಡ್ಡ ಹಾಳೆ, ಇಂಟರ್ನೆಟ್, ಸ್ವಲ್ಪ ತಾಳ್ಮೆ. ಅರ್ಥಶಾಸ್ತ್ರ ಓದಿರಬೇಕು ಅಂತೇನಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ, ಓದುತ್ತಾ ನೀವು ಅದನ್ನು ಒರೆಗೆ ಹಚ್ಚಿ ನೋಡಬಹುದು: ತಂತ್ರಜ್ಞಾನ ಖರ್ಚು ಇಳಿಸಿತು, ಆದರೆ ಬಾಗಿಲು ತೆರೆದದ್ದು ಸರ್ಕಾರಗಳು. ಜಾಗತೀಕರಣ ಮಳೆಗಾಲದ ಹಾಗೆ ತಾನಾಗಿ ಬಂದದ್ದಲ್ಲ. ಜನ ಮೇಜಿನ ಸುತ್ತ ಕೂತು ಮಾಡಿದ ತೀರ್ಮಾನಗಳು ಅದರ ಹಿಂದಿವೆ. ಆ ತೀರ್ಮಾನಗಳು ಬದಲಾದರೆ ಅದು ಹಿಂದಕ್ಕೂ ಹೋಗುತ್ತದೆ, ಹೋಗಿದೆ ಕೂಡ.

ಮೊದಲು ಅಳತೆ

ಕಾರಣ ಹುಡುಕುವ ಮುಂಚೆ ಏನು ಬೆಳೆದಿದೆ ಅಂತ ನೋಡಿಕೊಳ್ಳಿ. ಸುಲಭದ ಅಳತೆ ಒಂದಿದೆ. ಜಗತ್ತಿನ ಎಲ್ಲ ರಫ್ತು ಮತ್ತು ಆಮದನ್ನು ಕೂಡಿಸಿ, ಅದು ಜಗತ್ತಿನ ಒಟ್ಟು ಜಿಡಿಪಿಯ ಶೇಕಡಾ ಎಷ್ಟು ಅಂತ ನೋಡುವುದು. ವಿಶ್ವಬ್ಯಾಂಕಿನ ಜಾಲತಾಣದಲ್ಲಿ ಇದು ಪುಕ್ಕಟೆ ಸಿಗುತ್ತದೆ. 1970ರ ಸುಮಾರಿಗೆ ಇದು ಕಾಲು ಭಾಗದ ಆಸುಪಾಸಿನಲ್ಲಿತ್ತು. 1990ರ ಹೊತ್ತಿಗೆ ಶೇ. 40ರ ಹತ್ತಿರ ಬಂತು. 2008ರಲ್ಲಿ ಶೇ. 60 ದಾಟಿತು. ಆಮೇಲೆ? ಆಮೇಲೆ ಏರಿಲ್ಲ. ಸ್ವಲ್ಪ ಇಳಿಯುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ.

ಈ ಗೆರೆಯನ್ನು ಹಾಳೆಯ ಮೇಲ್ಭಾಗದಲ್ಲಿ ಕೈಯಲ್ಲೇ ಬರೆದುಕೊಳ್ಳಿ. ಈಗ ನಿಮ್ಮ ಮುಂದೆ ಮೂರು ಪ್ರಶ್ನೆಗಳಿವೆ. ಯಾಕೆ ಏರಿತು, 1990ರಿಂದ 2008ರ ನಡುವೆ ಯಾಕೆ ಅಷ್ಟು ಜೋರಾಗಿ ಏರಿತು, ಆಮೇಲೆ ಯಾಕೆ ನಿಂತಿತು. ಯಾರಾದರೂ ಒಂದು ಕಾರಣ ಕೊಟ್ಟರೆ ಅದು ಈ ಮೂರಕ್ಕೂ ಉತ್ತರ ಕೊಡಬೇಕು. "ಇಂಟರ್ನೆಟ್ ಬಂದದ್ದೇ ಕಾರಣ" ಅನ್ನುವವರನ್ನು ಕೇಳಿ, 2008ರ ನಂತರ ಇಂಟರ್ನೆಟ್ ಇನ್ನೂ ವೇಗವಾಯಿತು, ಅಗ್ಗವಾಯಿತು, ಹಾಗಾದರೆ ಗೆರೆ ಯಾಕೆ ನಿಂತಿತು ಅಂತ.

ಒಂದು ವಸ್ತು ಆರಿಸಿಕೊಳ್ಳಿ

ಇಡೀ ಜಾಗತೀಕರಣವನ್ನು ಒಟ್ಟಿಗೆ ಹಿಡಿಯಲು ಹೋಗಬೇಡಿ, ಕೈಗೆ ಸಿಗುವುದಿಲ್ಲ. ಒಂದು ವಸ್ತು ಸಾಕು. ಒಂದಕ್ಕಿಂತ ಜಾಸ್ತಿ ದೇಶಗಳ ಕೈ ದಾಟಿ ಬಂದದ್ದಾಗಿರಬೇಕು, ಅಷ್ಟೇ. ನಾನು ಹತ್ತಿಯ ಟಿ-ಶರ್ಟ್ ತಗೊಳ್ಳುತ್ತೇನೆ, ಯಾಕೆಂದರೆ ಅದರ ದಾರಿ ಉದ್ದ, ದಾಖಲೆಗಳೂ ಚೆನ್ನಾಗಿ ಸಿಗುತ್ತವೆ.

ಕತ್ತಿನ ಹಿಂದಿನ ಲೇಬಲ್ ನೋಡಿ. ಅದರಲ್ಲಿ ಇರುವುದು ಹೊಲಿದ ದೇಶದ ಹೆಸರು ಮಾತ್ರ. ಹತ್ತಿ ಬೆಳೆದದ್ದು ಅಮೆರಿಕ ಇರಬಹುದು, ಬ್ರೆಜಿಲ್ ಇರಬಹುದು, ಭಾರತ ಇರಬಹುದು. ನೂಲು ತೆಗೆದದ್ದು ಇನ್ನೊಂದು ಕಡೆ, ಬಣ್ಣ ಹಾಕಿದ್ದು ಮತ್ತೊಂದು ಕಡೆ, ಹೊಲಿಗೆ ಯಂತ್ರ ಜಪಾನಿನದ್ದೋ ಚೀನಾದ್ದೋ ಇರಬಹುದು, ಚಿತ್ರ ಬರೆದವರು ಬೇರೆಲ್ಲೋ ಕೂತಿರುತ್ತಾರೆ. ಲೇಬಲ್ ಬರೀ ಕೊನೆಯ ನಿಲ್ದಾಣ ಹೇಳುತ್ತದೆ.

ಲೇಬಲ್‌ಗಿಂತ ಉಪಯೋಗಕ್ಕೆ ಬರುವುದು ಕಸ್ಟಮ್ಸ್ ಸಂಖ್ಯೆ. ಗಡಿ ದಾಟುವ ಪ್ರತಿ ಸರಕಿಗೂ ಎಚ್‌ಎಸ್ ಕೋಡ್ ಅಂತ ಒಂದಿರುತ್ತದೆ. 1988ರಿಂದ ಬಳಕೆಯಲ್ಲಿದೆ, ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮೊದಲ ಆರು ಅಂಕಿ ಇದನ್ನು ಬಳಸುವ ಎಲ್ಲ ದೇಶಗಳಲ್ಲೂ ಒಂದೇ. ಹೆಣೆದ ಬಟ್ಟೆಯ ಟಿ-ಶರ್ಟಿಗೆ 6109. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ದತ್ತಾಂಶದಲ್ಲಿ ಈ ಸಂಖ್ಯೆ ಹಾಕಿದರೆ ಯಾರು ಯಾರಿಗೆ ಎಷ್ಟು ಮಾರಿದರು ಅಂತ ವರ್ಷವಾರು ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮಾರಿದ ದೇಶ ಹೇಳುವ ಅಂಕಿಯೂ ಕೊಂಡ ದೇಶ ಹೇಳುವ ಅಂಕಿಯೂ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ಮೋಸ ನಡೆದಿದೆ ಅಂತ ಗಾಬರಿಯಾಗಬೇಡಿ. ಆಮದಿನ ಲೆಕ್ಕದಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುತ್ತದೆ, ರಫ್ತಿನ ಲೆಕ್ಕದಲ್ಲಿ ಸೇರಿರುವುದಿಲ್ಲ. ಹಾಂಗ್‌ಕಾಂಗ್, ರಾಟರ್‌ಡ್ಯಾಮ್‌ನಂಥ ಬಂದರುಗಳ ಮೂಲಕ ಹಾದು ಹೋದ ಸರಕು ಎರಡು ಸಲ ಲೆಕ್ಕಕ್ಕೆ ಬರುವುದೂ ಉಂಟು. ಒಂದೇ ಕಡೆಯ ಅಂಕಿ ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

ದಾರಿ ಬರೆಯಿರಿ, ಪ್ರತಿ ಗಡಿಯಲ್ಲಿ ನಾಲ್ಕು ಪ್ರಶ್ನೆ ಹಾಕಿ

ಹೊಲದಿಂದ ನೂಲಿನ ಗಿರಣಿ, ಅಲ್ಲಿಂದ ಬಟ್ಟೆ, ಬಣ್ಣ, ಹೊಲಿಗೆ, ಬಂದರು, ಹಡಗು, ಗೋದಾಮು, ಅಂಗಡಿ. ಹಾಳೆಯ ಮಧ್ಯದಲ್ಲಿ ಈ ದಾರಿ ಬರೆಯಿರಿ. ದೇಶದ ಗಡಿ ದಾಟುವ ಕಡೆಯಲ್ಲೆಲ್ಲ ನಾಲ್ಕು ಖಾನೆ ಮಾಡಿ: ಸಾಗಿಸಲು ಎಷ್ಟು ಖರ್ಚು, ಎಷ್ಟು ದಿನ, ಯಾರ ಅನುಮತಿ, ಯಾರ ದುಡ್ಡು. ಪಠ್ಯಪುಸ್ತಕದ ಎಲ್ಲ ಕಾರಣಗಳೂ ಈ ನಾಲ್ಕರಲ್ಲಿ ಯಾವುದೋ ಒಂದಕ್ಕೆ ಬಂದು ಬೀಳುತ್ತವೆ. ಈಗ ಒಂದೊಂದಾಗಿ ತುಂಬೋಣ.

ಖರ್ಚಿನ ಖಾನೆ

ಇಲ್ಲಿ ಸ್ವಲ್ಪ ನಿಧಾನಿಸಿ, ಯಾಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಹಡಗುಗಳು ದೊಡ್ಡದಾದವು, ವೇಗವಾದವು, ಹಾಗಾಗಿ ಸಾಗಣೆ ಅಗ್ಗವಾಯಿತು ಅಂದುಕೊಳ್ಳುತ್ತಾರೆ. ಅಸಲಿ ಖರ್ಚು ಎಲ್ಲಿತ್ತು ಅಂತ ನೋಡಿ.

1954ರಲ್ಲಿ ವಾರಿಯರ್ ಅನ್ನುವ ಸರಕು ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋಯಿತು. ಆ ಒಂದು ಪ್ರಯಾಣದ ಪೂರ್ತಿ ಲೆಕ್ಕವನ್ನು ಸಂಶೋಧಕರು ಬರೆದಿಟ್ಟಿದ್ದಾರೆ. ಹಡಗಿನಲ್ಲಿದ್ದ ಸರಕು ಸುಮಾರು 5,000 ಟನ್. ಬಿಡಿ ವಸ್ತುಗಳ ಲೆಕ್ಕ ಹಾಕಿದರೆ 1,94,582. ಪೆಟ್ಟಿಗೆ, ಚೀಲ, ಪೀಪಾಯಿ, ಡ್ರಮ್ಮು, ಕಟ್ಟು, ವಾಹನಗಳು. ಅಮೆರಿಕದ 151 ಊರುಗಳಿಂದ ಬಂದು ಬಂದರಿನ ಗೋದಾಮಿನಲ್ಲಿ ಸೇರಿದ್ದವು. ಒಂದೊಂದನ್ನೂ ಕೂಲಿಕಾರರು ಹೊತ್ತು, ಬಲೆಗೋ ಹಲಗೆಗೋ ಕಟ್ಟಿ, ಕ್ರೇನಿನಲ್ಲಿ ಎತ್ತಿ, ಹಡಗಿನ ಹೊಟ್ಟೆಯೊಳಗೆ ಇಳಿಸಿ, ಅಲುಗಾಡದ ಹಾಗೆ ಮರದ ತುಂಡು ಇಟ್ಟು ಬಿಗಿ ಮಾಡಬೇಕಿತ್ತು. ತುಂಬಲು ಆರು ದಿನ ಹಿಡಿಯಿತು, ಸಮುದ್ರ ದಾಟಲು ಹತ್ತು ದಿನಕ್ಕೆ ಸ್ವಲ್ಪ ಮೇಲೆ, ಇಳಿಸಲು ನಾಲ್ಕು ದಿನ. ಒಟ್ಟು ಖರ್ಚಿನಲ್ಲಿ ಸಮುದ್ರಯಾನದ ಪಾಲು ಬರೀ ಶೇ. 11ರಿಂದ 12. ಎರಡು ಬಂದರುಗಳ ಪಾಲು ಶೇ. 37ರ ಹತ್ತಿರ.

ಅಂದರೆ ಸಮುದ್ರ ದಾಟುವುದು ದುಬಾರಿ ಆಗಿರಲಿಲ್ಲ, ದಡ ದಾಟುವುದು ದುಬಾರಿ ಆಗಿತ್ತು. ಹಡಗನ್ನು ಎಷ್ಟೇ ವೇಗ ಮಾಡಿದರೂ ಉಪಯೋಗವಿರಲಿಲ್ಲ.

ಇದಕ್ಕೆ ಉತ್ತರ ಕೊಟ್ಟವರು ಹಡಗಿನವರಲ್ಲ, ಲಾರಿಯವರು. ಮಾಲ್ಕಮ್ ಮೆಕ್‌ಲೀನ್ ಅನ್ನುವ ಅಮೆರಿಕದ ಲಾರಿ ಮಾಲೀಕರು 1956ರ ಏಪ್ರಿಲ್ 26ರಂದು ಐಡಿಯಲ್-ಎಕ್ಸ್ ಅನ್ನುವ ಹಳೆಯ ತೈಲ ಹಡಗಿನ ಮೇಲೆ 58 ಕಂಟೇನರ್, ಅಂದರೆ ಒಳಗಿನ ಸರಕಿನ ಸಮೇತ ಒಟ್ಟಿಗೇ ಎತ್ತಬಹುದಾದ ದೊಡ್ಡ ಲೋಹದ ಪೆಟ್ಟಿಗೆಗಳನ್ನು ಇಟ್ಟು ನೂವರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಬಿಡಿ ಸರಕು ತುಂಬಲು ಆಗ ಒಂದು ಟನ್ನಿಗೆ 5.83 ಡಾಲರ್‌ನಷ್ಟು ಖರ್ಚಾಗುತ್ತಿತ್ತು ಅಂತ ಲೆಕ್ಕ. ಈ ಹಡಗಿಗೆ ಬಂದದ್ದು 16 ಸೆಂಟಿನ ಒಳಗೆ. ಇಷ್ಟು ದೊಡ್ಡ ಇಳಿಕೆ ಯಾವ ಎಂಜಿನ್ನಿನಿಂದಲೂ ಬಂದಿರಲಿಲ್ಲ.

ಆದರೆ ಮರುದಿನವೇ ಜಗತ್ತು ಬದಲಾಗಲಿಲ್ಲ ಅನ್ನುವುದನ್ನು ಗಮನಿಸಿ. ಒಬ್ಬೊಬ್ಬರ ಪೆಟ್ಟಿಗೆ ಒಂದೊಂದು ಅಳತೆ ಇತ್ತು, ಒಬ್ಬರ ಕ್ರೇನು ಇನ್ನೊಬ್ಬರ ಪೆಟ್ಟಿಗೆಯನ್ನು ಹಿಡಿಯುತ್ತಿರಲಿಲ್ಲ. 1960ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಮಿತಿಗಳು ಕೂತು ಉದ್ದ, ಅಗಲ, ಮೂಲೆಯ ಕೊಂಡಿ ಎಲ್ಲಕ್ಕೂ ಒಂದೇ ಅಳತೆ ತಂದ ಮೇಲೆ ಅದು ಎಲ್ಲರ ಪೆಟ್ಟಿಗೆಯಾಯಿತು. ಇವತ್ತಿಗೂ ಹಡಗಿನ ಸಾಮರ್ಥ್ಯವನ್ನು 20 ಅಡಿಯ ಪೆಟ್ಟಿಗೆಯ ಲೆಕ್ಕದಲ್ಲೇ ಹೇಳುತ್ತಾರೆ. ಇನ್ನೊಂದು ತಳ್ಳು ಕೊಟ್ಟದ್ದು ವಿಯೆಟ್ನಾಂ ಯುದ್ಧ. ಅಮೆರಿಕದ ಸೈನ್ಯಕ್ಕೆ ಸಾಮಾನು ಸಾಗಿಸುವ ಗುತ್ತಿಗೆ ಮೆಕ್‌ಲೀನ್‌ರ ಸೀ-ಲ್ಯಾಂಡ್ ಕಂಪನಿಗೆ ಸಿಕ್ಕಿತು. ಹಡಗುಗಳು ಕ್ಯಾಮ್ ರಾನ್ ಬೇ ಬಂದರಿಗೆ ತುಂಬಿಕೊಂಡು ಹೋಗಿ ಖಾಲಿ ಬರುತ್ತಿದ್ದವು. ಖಾಲಿ ಯಾಕೆ ಬರಬೇಕು ಅಂತ ಜಪಾನಿನಲ್ಲಿ ನಿಲ್ಲಿಸಿ ಅಲ್ಲಿಯ ಸರಕು ತುಂಬಿಕೊಂಡು ಬಂದರು. ಹೋಗುವ ದಾರಿಯ ಖರ್ಚನ್ನು ಸೈನ್ಯವೇ ಕೊಟ್ಟಿತ್ತು, ಹಾಗಾಗಿ ಬರುವ ದಾರಿಯಲ್ಲಿ ಸಿಕ್ಕಿದ್ದೆಲ್ಲ ಲಾಭ.

ನಿಮ್ಮ ಹಾಳೆಯಲ್ಲಿ ಇದನ್ನು ಹೇಗೆ ಬರೆಯಬೇಕು ಅಂದರೆ, "ಕಂಟೇನರ್" ಅಂತ ಒಂದೇ ಪದ ಬರೆದು ಬಿಡಬೇಡಿ. ಪೆಟ್ಟಿಗೆ, ಅಳತೆಯ ಒಪ್ಪಂದ, ಯುದ್ಧದ ಗುತ್ತಿಗೆ, ಆಳವಾದ ಹೊಸ ಬಂದರುಗಳು ಅಂತ ಬಿಡಿಬಿಡಿಯಾಗಿ ಬರೆಯಿರಿ. ಒಂದು ಆವಿಷ್ಕಾರ ತಾನೊಂದೇ ಏನೂ ಮಾಡುವುದಿಲ್ಲ, ಅದರ ಸುತ್ತ ಎಷ್ಟು ಜನ ಒಪ್ಪಬೇಕಾಯಿತು ಅನ್ನುವುದು ಆಗ ಕಾಣುತ್ತದೆ. ಇವತ್ತು 24,000ಕ್ಕೂ ಜಾಸ್ತಿ ಪೆಟ್ಟಿಗೆ ಹೊರುವ ಹಡಗುಗಳಿವೆ. ಒಂದು 40 ಅಡಿಯ ಪೆಟ್ಟಿಗೆಯಲ್ಲಿ ಹತ್ತಾರು ಸಾವಿರ ಟಿ-ಶರ್ಟ್ ಹಿಡಿಸುತ್ತವೆ. ಮಾಮೂಲಿ ದಿನಗಳಲ್ಲಿ ಒಂದು ಅಂಗಿಗೆ ಬೀಳುವ ಸಮುದ್ರದ ಬಾಡಿಗೆ ಲೆಕ್ಕಕ್ಕೇ ಬಾರದಷ್ಟು.

ದಿನಗಳ ಖಾನೆ ಬೇಗ ಮುಗಿಯುತ್ತದೆ. ಸೂಯೆಜ್ ಕಾಲುವೆ 1869ರಲ್ಲಿ, ಪನಾಮಾ 1914ರಲ್ಲಿ ತೆರೆದವು. ಶೈತ್ಯೀಕರಣ ಬಂದ ಮೇಲೆ, 1882ರಲ್ಲಿ ಡನೀಡಿನ್ ಅನ್ನುವ ಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೆಪ್ಪುಗಟ್ಟಿಸಿದ ಮಾಂಸ ಒಯ್ದಿತು. ಈಗ ಜಗತ್ತಿನ ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 80 ಸಮುದ್ರದಲ್ಲೇ ಹೋಗುತ್ತದೆ. ವಿಮಾನದಲ್ಲಿ ಹೋಗುವುದು ತೂಕದಲ್ಲಿ ತೀರಾ ಕಡಿಮೆ, ಬೆಲೆಯಲ್ಲಿ ಮಾತ್ರ ದೊಡ್ಡ ಪಾಲು: ಕಂಪ್ಯೂಟರ್ ಚಿಪ್ಪು, ಔಷಧ, ಫೋನು. ನಿಮ್ಮ ವಸ್ತು ಹಗುರವೂ ದುಬಾರಿಯೂ ಆಗಿದ್ದರೆ ಇದನ್ನು ಬರೆದುಕೊಳ್ಳಿ.

ಅನುಮತಿಯ ಖಾನೆ

ನನ್ನ ಪ್ರಕಾರ ಇದೇ ಹಾಳೆಯ ಹೃದಯ.

ಒಂದು ಪರೀಕ್ಷೆ ಮಾಡಿ. 1913ಕ್ಕೆ ಹೋಗಿ. ಉಗಿ ಹಡಗು ಇತ್ತು, ರೈಲು ಇತ್ತು, ಸೂಯೆಜ್ ಇತ್ತು. ಅಟ್ಲಾಂಟಿಕ್ ಸಮುದ್ರದ ತಳದಲ್ಲಿ 1866ರಿಂದಲೇ ಕೆಲಸ ಮಾಡುವ ಟೆಲಿಗ್ರಾಫ್ ತಂತಿ ಇತ್ತು. ವ್ಯಾಪಾರ, ಬಂಡವಾಳ, ವಲಸೆ ಎಲ್ಲವೂ ಜೋರಾಗಿದ್ದವು. ಈಗ 1933ಕ್ಕೆ ಬನ್ನಿ. ತಂತ್ರಜ್ಞಾನ ಹಿಂದೆ ಹೋಗಿರಲಿಲ್ಲ, ಮುಂದೆ ಹೋಗಿತ್ತು. ಪನಾಮಾ ಕಾಲುವೆ ಸೇರಿತ್ತು, ಡೀಸೆಲ್ ಹಡಗು, ರೇಡಿಯೊ, ವಿಮಾನ ಬಂದಿದ್ದವು. ಆದರೂ 1929ರಿಂದ 1933ರ ನಡುವೆ ಜಗತ್ತಿನ ವ್ಯಾಪಾರದ ಮೌಲ್ಯ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಕುಸಿಯಿತು. ಆ ಕಾಲದ ಮಹಾ ಆರ್ಥಿಕ ಕುಸಿತ, ಬೆಲೆ ಇಳಿಕೆ ಇದರಲ್ಲಿ ದೊಡ್ಡ ಪಾಲು ಹೊಂದಿದ್ದವು, ನಿಜ. ಜೊತೆಗೆ 1930ರಲ್ಲಿ ಅಮೆರಿಕ ಸ್ಮೂಟ್-ಹಾಲಿ ಕಾನೂನು ತಂದು ಸುಂಕ ಏರಿಸಿತು, ಬೇರೆ ದೇಶಗಳು ಸೇಡಿಗೆ ಸೇಡು ಅಂತ ತಮ್ಮ ಸುಂಕ ಏರಿಸಿದವು, ಕೋಟಾ ಹಾಕಿದವು, ಹಣ ಹೊರಗೆ ಹೋಗದಂತೆ ತಡೆದವು. ಹಡಗುಗಳು ಬಂದರಿನಲ್ಲಿ ಸುಮ್ನೆ ನಿಂತಿದ್ದವು.

ತಂತ್ರಜ್ಞಾನವೇ ಮುಖ್ಯ ಕಾರಣ ಆಗಿದ್ದರೆ ಇದು ಆಗಬಾರದಿತ್ತು, ಅಲ್ವಾ? ನನ್ನ ನಿಲುವಿಗೆ ಅತಿ ಗಟ್ಟಿ ಆಧಾರ ಈ ಇಪ್ಪತ್ತು ವರ್ಷ.

ಎರಡನೇ ಮಹಾಯುದ್ಧದ ನಂತರ ಬಾಗಿಲು ಒಂದೊಂದಾಗಿ ತೆರೆದದ್ದನ್ನು ವರ್ಷಗಳ ಜೊತೆ ಬರೆದುಕೊಳ್ಳಿ. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಗ್ಯಾಟ್ ಅನ್ನುವ ಸುಂಕ ಮತ್ತು ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಜೀವಾಳ ಒಂದು ಸರಳ ನಿಯಮ: ಒಬ್ಬ ಸದಸ್ಯನಿಗೆ ಸುಂಕದಲ್ಲಿ ಕೊಟ್ಟ ರಿಯಾಯಿತಿಯನ್ನು ಎಲ್ಲ ಸದಸ್ಯರಿಗೂ ಕೊಡಬೇಕು. ಇಬ್ಬರ ನಡುವಿನ ಚೌಕಾಸಿಯ ಲಾಭ ಹೀಗೆ ಎಲ್ಲರಿಗೂ ಹರಿಯಿತು. ಸುತ್ತಿನ ಮೇಲೆ ಸುತ್ತು ಮಾತುಕತೆ ನಡೆದು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಈ ನಡುವೆ 1978ರ ಕೊನೆಯಲ್ಲಿ ಡೆಂಗ್ ಶಿಯಾಪಿಂಗ್ ಕಾಲದಲ್ಲಿ ಚೀನಾ ಸುಧಾರಣೆಗೆ ಇಳಿಯಿತು, 1980ರಲ್ಲಿ ಶೆನ್‌ಝೆನ್ ವಿಶೇಷ ಆರ್ಥಿಕ ವಲಯವಾಯಿತು. 1989ರಲ್ಲಿ ಬರ್ಲಿನ್ ಗೋಡೆ ಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಅದೇ ವರ್ಷ ಭಾರತ ಲೈಸೆನ್ಸ್ ವ್ಯವಸ್ಥೆಯನ್ನು ಸಡಿಲಿಸಿತು. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ ನಾಫ್ಟಾ ಅನ್ನುವ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 1996ರಲ್ಲಿ ಸಿಂಗಪುರದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದವಾಗಿ, ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಮೇಲಿನ ಸುಂಕ ಸೊನ್ನೆಗೆ ಇಳಿಯುವ ದಾರಿ ಆಯಿತು. 2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು.

ಈ ವರ್ಷಗಳನ್ನು ಮೇಲೆ ಬರೆದ ಗೆರೆಯ ಕೆಳಗೆ ಇಟ್ಟು ನೋಡಿ. 1990ರಿಂದ 2008ರ ಕಡಿದಾದ ಏರಿಕೆ ಎಲ್ಲಿಂದ ಬಂತು ಅಂತ ಕಣ್ಣಿಗೇ ಕಾಣುತ್ತದೆ. ಬಿಡಿಭಾಗಗಳ ಮೇಲೆ ಸುಂಕ ಇಲ್ಲದಿರುವುದು ಯಾಕೆ ಅಷ್ಟು ಮುಖ್ಯ ಅಂದರೆ, ಒಂದು ಯಂತ್ರದ ಭಾಗ ನಾಲ್ಕು ಸಲ ಗಡಿ ದಾಟಿದರೆ ನಾಲ್ಕು ಸಲ ಸುಂಕ ಬೀಳುತ್ತದೆ. ಸಣ್ಣ ಸುಂಕವೂ ಕೂಡುತ್ತಾ ಹೋಗಿ ಹೊರೆಯಾಗುತ್ತದೆ. ಸೊನ್ನೆ ಆದ ಮೇಲೆ ಎಷ್ಟು ಸಲ ದಾಟಿದರೂ ಚಿಂತೆಯಿಲ್ಲ.

ತಡೆಯೇ ತಳ್ಳಿದ ಕಥೆ

ಈಗ ಟಿ-ಶರ್ಟಿಗೆ ಬನ್ನಿ, ಇಲ್ಲಿ ಒಂದು ವಿಚಿತ್ರ ಸಿಗುತ್ತದೆ. ಎಲ್ಲ ಸರಕಿಗೂ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ ಬಟ್ಟೆಗೆ ಮಾತ್ರ ಬಾಗಿಲು ಅರ್ಧ ಮುಚ್ಚಿತ್ತು. 1974ರಿಂದ ಬಹು-ನಾರು ಒಪ್ಪಂದದ ಕೆಳಗೆ ಶ್ರೀಮಂತ ದೇಶಗಳು ಒಂದೊಂದು ದೇಶಕ್ಕೂ ಇಷ್ಟೇ ಬಟ್ಟೆ ಅಂತ ಕೋಟಾ ಹಾಕಿದ್ದವು. ದಕ್ಷಿಣ ಕೊರಿಯಾದ ಕಾರ್ಖಾನೆಗಳಿಗೆ ಸಾಮರ್ಥ್ಯ ಇತ್ತು, ಸಿಕ್ಕಿದ ಕೋಟಾ ಸಾಲುತ್ತಿರಲಿಲ್ಲ. ಬಾಂಗ್ಲಾದೇಶಕ್ಕೆ ಕೋಟಾದ ತಡೆ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ ಅನ್ನಬಹುದು.

ಹಾಗಾಗಿ 1978ರಲ್ಲಿ ಕೊರಿಯಾದ ದೇವೂ ಕಂಪನಿ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಜೊತೆ ಕೈ ಜೋಡಿಸಿತು. 130 ಜನ ಬಾಂಗ್ಲಾದೇಶೀಯರು ಬೂಸಾನ್‌ನ ಕಾರ್ಖಾನೆಗೆ ಹೋಗಿ ತರಬೇತಿ ಪಡೆದರು. ಕತ್ತರಿಸುವುದು, ಹೊಲಿಯುವುದು, ಸಾಲಿನಲ್ಲಿ ಕೆಲಸ ಹಂಚುವುದು, ಲೆಕ್ಕ ಇಡುವುದು, ಹೊರದೇಶದ ಖರೀದಿದಾರರ ಜೊತೆ ವ್ಯವಹರಿಸುವುದು ಎಲ್ಲವನ್ನೂ ಕಲಿತರು. ಅವರಲ್ಲಿ ಬಹುಪಾಲು ಜನ ಮುಂದಿನ ವರ್ಷಗಳಲ್ಲಿ ಆ ಕಂಪನಿ ಬಿಟ್ಟು ಬೇರೆ ಕಾರ್ಖಾನೆಗಳಿಗೆ ಹೋದರು, ಕೆಲವರು ತಮ್ಮದೇ ಶುರು ಮಾಡಿದರು. ಕಲಿಕೆ ಹೀಗೆ ಹರಡಿತು. ಸರ್ಕಾರ ಎರಡು ಅನುಕೂಲ ಮಾಡಿಕೊಟ್ಟಿತು. ರಫ್ತಿಗೆ ಬಳಸುವ ಬಟ್ಟೆಯನ್ನು ಸುಂಕವಿಲ್ಲದೆ ತಂದು ಇಡುವ ಬಾಂಡೆಡ್ ಗೋದಾಮು ಒಂದು. ಇನ್ನೊಂದನ್ನು ದುಡ್ಡಿನ ಖಾನೆಯಲ್ಲಿ ಹೇಳುತ್ತೇನೆ. ಇವತ್ತು ಬಾಂಗ್ಲಾದೇಶ ಜಗತ್ತಿನ ಅತಿ ದೊಡ್ಡ ಉಡುಪು ರಫ್ತುದಾರರಲ್ಲಿ ಒಂದು. 2004ರ ಕೊನೆಗೆ ಕೋಟಾ ವ್ಯವಸ್ಥೆ ಮುಗಿದ ಮೇಲೂ ಆ ಉದ್ಯಮ ಬಿದ್ದುಹೋಗಲಿಲ್ಲ.

ಇದರಿಂದ ಹಾಳೆಗೆ ಎರಡು ವಿಷಯ ಬರುತ್ತವೆ. ವ್ಯಾಪಾರದ ತಡೆಯೂ ಕೆಲವೊಮ್ಮೆ ಜಾಗತೀಕರಣವನ್ನು ಹೊಸ ದೇಶಕ್ಕೆ ತಳ್ಳುತ್ತದೆ. ಇನ್ನೊಂದು, ಕಡಿಮೆ ಕೂಲಿ ಒಂದೇ ಸಾಲದು. ಬಾಂಗ್ಲಾದೇಶದಲ್ಲಿ ಕೂಲಿ ಅದಕ್ಕೂ ಮುಂಚೆ ಕಡಿಮೆಯೇ ಇತ್ತು, ಆದರೆ 130 ಜನ ಕಲಿತು ಬರುವವರೆಗೆ ಅಂಗಿ ದೊಡ್ಡ ಪ್ರಮಾಣದಲ್ಲಿ ಹೊರಡಲಿಲ್ಲ. "ಕಂಪನಿಗಳು ಅಗ್ಗದ ಕೂಲಿ ಹುಡುಕಿಕೊಂಡು ಹೋದವು" ಅನ್ನುವ ವಾಕ್ಯವನ್ನು ಎಲ್ಲೇ ಕಂಡರೂ, ಹಾಗಾದರೆ ಇನ್ನೂ ಅಗ್ಗದ ದೇಶಕ್ಕೆ ಯಾಕೆ ಹೋಗಲಿಲ್ಲ ಅಂತ ಕೇಳಿ. ರಸ್ತೆ, ಕರೆಂಟು, ಬಂದರು, ಕಲಿತ ಕೈಗಳು, ಬ್ಯಾಂಕು ಎಲ್ಲವೂ ಉತ್ತರದಲ್ಲಿ ಬರುತ್ತವೆ.

ದುಡ್ಡಿನ ಖಾನೆ

ಒಂದು ದೇಶದ ಮಾರಾಟಗಾರ, ಇನ್ನೊಂದು ದೇಶದ ಕೊಳ್ಳುವವ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಸರಕು ಕಳಿಸಿದ ಮೇಲೆ ದುಡ್ಡು ಬಾರದಿದ್ದರೆ? ದುಡ್ಡು ಕೊಟ್ಟ ಮೇಲೆ ಸರಕು ಬಾರದಿದ್ದರೆ? ಈ ಭಯಕ್ಕೆ ಮದ್ದು ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್. ಕೊಳ್ಳುವವನ ಬ್ಯಾಂಕು ಮಾತು ಕೊಡುತ್ತದೆ: ಇಂಥ ತಾರೀಖಿನೊಳಗೆ ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಹಡಗಿನವರು ಕೊಟ್ಟ ಬಿಲ್ ಆಫ್ ಲೇಡಿಂಗ್ ತಂದು ತೋರಿಸು, ದುಡ್ಡು ನಾನು ಕೊಡುತ್ತೇನೆ. ಬ್ಯಾಂಕು ಸರಕನ್ನು ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತದೆ. ಒಂದು ಕಾಗದದಲ್ಲಿ ವಿವರ ಹೊಂದದಿದ್ದರೂ ಪಾವತಿ ನಿಲ್ಲಬಹುದು.

ಬಾಂಗ್ಲಾದೇಶದ ಎರಡನೇ ಅನುಕೂಲ ಇದರ ಮೇಲೆ ನಿಂತಿತ್ತು. ಅಂಗಿಗೆ ಬಂದ ಎಲ್‌ಸಿಯನ್ನೇ ಆಧಾರವಾಗಿ ಇಟ್ಟು, ಬಟ್ಟೆ ತರಿಸಲು ಇನ್ನೊಂದು ಎಲ್‌ಸಿ ತೆರೆಯುವ ಪದ್ಧತಿ. ಸ್ವಂತ ಬಂಡವಾಳ ಇಲ್ಲದವರೂ ಇದರಿಂದ ಕಾರ್ಖಾನೆ ನಡೆಸಿದರು. ಜಾಗತೀಕರಣದ ಚರ್ಚೆಯಲ್ಲಿ ಬ್ಯಾಂಕಿನ ಇಂಥ ಸಣ್ಣ ಪದ್ಧತಿಗಳ ಹೆಸರೇ ಬರುವುದಿಲ್ಲ. ಬರಬೇಕು.

ದೊಡ್ಡ ಮಟ್ಟದಲ್ಲಿ ಬರೆಯಬೇಕಾದದ್ದು ಇಷ್ಟು. ಯುದ್ಧದ ನಂತರದ ಹಣಕಾಸಿಗೆ ಅಂತ 1944ರಲ್ಲಿ ದೇಶಗಳು ಒಪ್ಪಿಕೊಂಡ ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ ಸರಕಿಗೆ ಬಾಗಿಲು ತೆರೆಯಬೇಕು ಅನ್ನುವ ಮನಸ್ಸಿತ್ತು, ಬಂಡವಾಳದ ಓಡಾಟಕ್ಕೆ ಮಾತ್ರ ಕಡಿವಾಣ ಇತ್ತು. 1971ರ ಆಗಸ್ಟ್ 15ರಂದು ಅಮೆರಿಕ ಡಾಲರ್-ಚಿನ್ನದ ಕೊಂಡಿ ಕಳಚಿತು. 1979ರಲ್ಲಿ ಬ್ರಿಟನ್ ವಿದೇಶಿ ವಿನಿಮಯ ನಿಯಂತ್ರಣ ತೆಗೆಯಿತು, ಬೇರೆಯವರೂ ಹಿಂದೆಯೇ ಬಂದರು. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಸ್ವಿಫ್ಟ್ ಕಟ್ಟಿದವು, ಬ್ಯಾಂಕುಗಳ ನಡುವಿನ ಸಂದೇಶ ಅದರ ಮೂಲಕ ಹೋಗಲು ಶುರುವಾಯಿತು. ಬೇಗ ಬರುವ ಹಣ ಬೇಗ ಹೋಗುತ್ತದೆ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. 1997ರ ಜುಲೈನಲ್ಲಿ ಥಾಯ್ಲೆಂಡಿನ ಕರೆನ್ಸಿ ಬಾತ್ ಕುಸಿದು ಶುರುವಾದ ಬಿಕ್ಕಟ್ಟು ಇಂಡೋನೇಷ್ಯಾ, ದಕ್ಷಿಣ ಕೊರಿಯಾದವರೆಗೆ ಹಬ್ಬಿತು. ಕೆಲಸ ಕಳೆದುಕೊಂಡವರು ಆ ಹಣ ತಂದವರಲ್ಲ.

ಮಾಹಿತಿ ಎಲ್ಲಿ ಸೇರಿಸಬೇಕು?

ನಾಲ್ಕೂ ಖಾನೆಗಳ ಕೆಳಗೆ ಅಡ್ಡಲಾಗಿ ಒಂದು ಗೆರೆ ಎಳೆದು ಅಲ್ಲಿ ಬರೆಯಿರಿ, ಯಾಕೆಂದರೆ ಅದು ಎಲ್ಲದರಲ್ಲೂ ಸೇರಿಕೊಂಡಿದೆ. 1988ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಆಪ್ಟಿಕಲ್ ಫೈಬರ್ ಕೇಬಲ್ ಬಂತು. ಇವತ್ತು ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಮುದ್ರದ ತಳದ ಕೇಬಲ್‌ಗಳಲ್ಲೇ ಹರಿಯುತ್ತದೆ, ಉಪಗ್ರಹದಲ್ಲಿ ಅಲ್ಲ. ಇದರಿಂದ ಆದ ದೊಡ್ಡ ಬದಲಾವಣೆ ಅಂದರೆ, ಒಂದೇ ಕಾರ್ಖಾನೆಯ ಕೆಲಸವನ್ನು ತುಂಡು ಮಾಡಿ ಬೇರೆ ಬೇರೆ ದೇಶಗಳಲ್ಲಿ ಮಾಡಿಸಿ, ದೂರದಿಂದಲೇ ಹಿಡಿತದಲ್ಲಿ ಇಟ್ಟುಕೊಳ್ಳಲು ಆಯಿತು. 1817ರಲ್ಲಿ ಡೇವಿಡ್ ರಿಕಾರ್ಡೊ ಬರೆದಾಗ ಇಂಗ್ಲೆಂಡ್ ಬಟ್ಟೆ ಮಾಡಲಿ, ಪೋರ್ಚುಗಲ್ ದ್ರಾಕ್ಷಾರಸ ಮಾಡಲಿ ಅಂತ ಪೂರ್ತಿ ವಸ್ತುಗಳ ಲೆಕ್ಕ ಹಾಕಿದ್ದರು. ಈಗ ದೇಶಗಳು ಹಂಚಿಕೊಳ್ಳುವುದು ಕೆಲಸದ ತುಂಡುಗಳನ್ನು.

ಅಂಗಿಯಲ್ಲಿ ಇದು ಅಷ್ಟು ಕಾಣದು, ಚಿಪ್ಪಿನಲ್ಲಿ ಕಾಣುತ್ತದೆ. ಅತಿ ಸೂಕ್ಷ್ಮ ಚಿಪ್ಪುಗಳನ್ನು ಅಚ್ಚು ಹಾಕುವ ಇಯುವಿ ಯಂತ್ರವನ್ನು ಮಾರುಕಟ್ಟೆಗೆ ತರುತ್ತಿರುವುದು ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಅದರ ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು. ಆ ಯಂತ್ರ ಕೊಂಡು ಚಿಪ್ಪು ಮಾಡುವವರಲ್ಲಿ ಮುಂದಿರುವುದು ತೈವಾನಿನ ಟಿಎಸ್‌ಎಂಸಿ. ಚಿಪ್ಪಿನ ವಿನ್ಯಾಸ ಬಹುಪಾಲು ಅಮೆರಿಕದ ಕಂಪನಿಗಳದ್ದು. ಇಲ್ಲಿ ಯಾರೂ ಅಗ್ಗದ ಕೂಲಿ ಹುಡುಕಿಕೊಂಡು ಹೋಗಿಲ್ಲ, ದಶಕಗಳ ಪರಿಣತಿ ಎಲ್ಲಿದೆಯೋ ಅಲ್ಲಿಗೆ ಹೋಗಿದ್ದಾರೆ. ಒಂದೇ ವಸ್ತು ನೋಡಿ ಎಲ್ಲಕ್ಕೂ ಅದೇ ಕಾರಣ ಅನ್ನಬೇಡಿ ಅಂತ ಹೇಳುವುದು ಇದಕ್ಕೇ.

ತೆಗೆದು ನೋಡುವ ಪರೀಕ್ಷೆ

ಹಾಳೆ ತುಂಬಿದ ಮೇಲೆ ಒಂದೊಂದು ಕಾರಣವನ್ನೂ ಬೆರಳಿನಿಂದ ಮುಚ್ಚಿ ಕೇಳಿ: ಇದು ಇಲ್ಲದಿದ್ದರೆ ಈ ಅಂಗಿ ಇಲ್ಲಿಗೆ ಬರುತ್ತಿತ್ತಾ? ಉತ್ತರ ಮೂರು ಬಗೆ. ಬರುತ್ತಲೇ ಇರಲಿಲ್ಲ, ಬರುತ್ತಿತ್ತು ಆದರೆ ದುಬಾರಿಯಾಗಿ, ಬೇರೆ ದೇಶದಿಂದ ಬರುತ್ತಿತ್ತು. ಸುಮ್ನೆ ಊಹೆ ಮಾಡಬೇಕಿಲ್ಲ, ನಿಜವಾಗಿ ಇಲ್ಲದೆ ಹೋದ ಸಂದರ್ಭಗಳು ಇವೆ.

2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು, ನೂರಾರು ಹಡಗು ಕಾದು ನಿಂತವು. 2023ರ ಕೊನೆಯಿಂದ ಸೂಯೆಜ್ ದಾರಿಯ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಕಂಪನಿಗಳು ಹಡಗನ್ನು ಆಫ್ರಿಕಾದ ತುದಿ ಸುತ್ತಿಸಿ ಕಳಿಸಿದವು. ಬಾಡಿಗೆ ಏರಿತು, ದಿನ ಜಾಸ್ತಿಯಾಯಿತು, ವ್ಯಾಪಾರ ನಿಲ್ಲಲಿಲ್ಲ. ಅಂದರೆ ಕಾಲುವೆ ಎರಡನೇ ಬಗೆಯ ಕಾರಣ. 2018ರಿಂದ ಅಮೆರಿಕ ಚೀನಾದ ಸರಕಿನ ಮೇಲೆ ಸುಂಕ ಹಾಕಿತು. ಅಮೆರಿಕದ ಆಮದಿನಲ್ಲಿ ಚೀನಾದ ಪಾಲು ಇಳಿಯಿತು, ವಿಯೆಟ್ನಾಂ ಮತ್ತು ಮೆಕ್ಸಿಕೊದ ಪಾಲು ಏರಿತು, ಆ ದೇಶಗಳು ಚೀನಾದಿಂದ ಬಿಡಿಭಾಗ ಕೊಳ್ಳುವುದೂ ಏರಿತು. ಒಂದು ದೇಶದ ಮೇಲಿನ ಸುಂಕ ಮೂರನೇ ಬಗೆ. 2025ರಲ್ಲಿ ಅಮೆರಿಕ ಬಹುತೇಕ ಎಲ್ಲ ದೇಶಗಳ ಮೇಲೂ ಸುಂಕ ಏರಿಸಿತು, ಅದನ್ನು ಯಾವ ಬಗೆಗೆ ಹಾಕಬೇಕು ಅಂತ ಮುಂದಿನ ವರ್ಷಗಳ ಅಂಕಿ ಇಟ್ಟುಕೊಂಡು ನೀವೇ ನೋಡಿ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಬೇಕಾದಷ್ಟು ಸದಸ್ಯರಿಲ್ಲದೆ ಕೆಲಸ ನಿಲ್ಲಿಸಿದೆ ಅನ್ನುವುದನ್ನೂ ಮರೆಯಬೇಡಿ. ನಿಯಮ ಮುರಿದವರನ್ನು ಕೊನೆಯವರೆಗೆ ಕೇಳುವವರಿಲ್ಲ.

ಐದನೇ ಖಾನೆ

ನಾಲ್ಕು ಖಾನೆ ಅಂತ ಹೇಳಿದ್ದೆ. ಎಲ್ಲ ಮುಗಿದ ಮೇಲೆ ಐದನೆಯದು ಸೇರಿಸಿ: ಇಳಿದ ಖರ್ಚು ಯಾರ ಮೇಲೆ ಬಿತ್ತು. ಕಂಟೇನರ್ ಬಂದ ಮೇಲೆ ಲಂಡನ್ನಿನ ಹಳೆಯ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದವು, ತಲೆಮಾರುಗಳಿಂದ ಅಲ್ಲಿ ದುಡಿದವರ ಕೆಲಸ ಹೋಯಿತು, ವ್ಯಾಪಾರ ಫೀಲಿಕ್ಸ್‌ಸ್ಟೋನಂಥ ಬಂದರುಗಳ ಕಡೆ ಸರಿಯಿತು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು. ಬಹುಪಾಲು ಗಾರ್ಮೆಂಟ್ಸ್ ಕೆಲಸಗಾರರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಅವರನ್ನು ಒಳಗೆ ಕಳಿಸಿದರು. ಅಂಗಿ ಯಾಕೆ ಅಗ್ಗ ಅನ್ನುವ ಪ್ರಶ್ನೆಗೆ ಇದೂ ಉತ್ತರದ ಭಾಗ. ಇದನ್ನು ಬಿಟ್ಟು ಬರೆದ ಹಾಳೆ ಪೂರ್ತಿ ಅಲ್ಲ. ಅದೇ ಕಾರ್ಖಾನೆಗಳಿಂದ ಲಕ್ಷಾಂತರ ಹೆಣ್ಣುಮಕ್ಕಳ ಕೈಗೆ ಮೊದಲ ಸಲ ಸಂಬಳ ಬಂತು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಎರಡನೇ ಹಾಳೆಗೆ

ಒಂದು ವಸ್ತು ಮುಗಿದ ಮೇಲೆ ಒಂದು ಸೇವೆ ತಗೊಳ್ಳಿ: ಸಾಫ್ಟ್‌ವೇರ್, ಲೆಕ್ಕಪತ್ರ, ಆಸ್ಪತ್ರೆ, ಕಟ್ಟಡದ ನಕ್ಷೆ, ಯಾವುದಾದರೂ. ಇಲ್ಲಿ ಬಂದರಿಲ್ಲ, ಎಚ್‌ಎಸ್ ಕೋಡ್ ಇಲ್ಲ. ಸೇವೆ ಗಡಿ ದಾಟುವ ನಾಲ್ಕು ದಾರಿಗಳನ್ನು 1995ರ ಸೇವಾ ವ್ಯಾಪಾರ ಒಪ್ಪಂದ ಗುರುತಿಸಿದೆ: ಸೇವೆಯೇ ತಂತಿಯ ಮೇಲೆ ಹೋಗುವುದು, ಗಿರಾಕಿ ಅಲ್ಲಿಗೆ ಹೋಗುವುದು, ಕಂಪನಿ ಅಲ್ಲಿ ಶಾಖೆ ತೆರೆಯುವುದು, ಕೆಲಸಗಾರರೇ ಹೋಗುವುದು. ನಿಮ್ಮ ಸೇವೆ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಮೊದಲು ಗುರುತಿಸಿ. ಖರ್ಚಿನ ಖಾನೆ ಇಲ್ಲಿ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಅನುಮತಿಯ ಖಾನೆ ಮಾತ್ರ ತುಂಬಿ ತುಳುಕುತ್ತದೆ: ವೀಸಾ, ಪದವಿಯ ಮಾನ್ಯತೆ, ದತ್ತಾಂಶ ಎಲ್ಲಿ ಇಡಬೇಕು ಅನ್ನುವ ಕಾನೂನು, ವೃತ್ತಿಯ ಲೈಸೆನ್ಸು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಯಾವ ಖಾನೆ ದೊಡ್ಡದಾಗಿದೆ ನೋಡಿ. ಮೂರನೆಯದಕ್ಕೆ ಗೋಧಿಯನ್ನೋ ಕಚ್ಚಾ ತೈಲವನ್ನೋ ತಗೊಳ್ಳಿ. ಅವು ಕಂಟೇನರಿನಲ್ಲಿ ಹೋಗುವುದೇ ಅಪರೂಪ, ಹಾಗಾಗಿ ಖರ್ಚಿನ ಖಾನೆಯನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ.